ಗೋಣಿ ಹೊದ್ದ ಬ್ಯಾಟರಿ

ಶರಾವತಿಯ ಅಳಿವೆಯಲ್ಲಿ ಪ್ರವಾಸಿಗರನ್ನು ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾವನದ ನಡುವೆ ಸುತ್ತಿಸುವ ದೋಣಿ ಡೀಸೆಲ್ ಬಿಟ್ಟು ಬ್ಯಾಟರಿಗೆ ಬದಲಾದಾಗಲೂ ಅಪ್ಪನೇ ಅದರ ಚಾಲಕನಾಗಿ ಉಳಿದ. ಕಾಸರಕೋಡಿನ ನಮ್ಮ ಕೇರಿಯಲ್ಲಿ ಅದು ದೊಡ್ಡ ಮಾತು. ನಾನು ಅದೇ ದೋಣಿಗೆ ಟಿಕೆಟ್ ಹರಿಯುತ್ತಿದ್ದೆ. ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವುದು ನನಗೆ ಶಾಲೆಯಿಂದ ಬಂದ ಚಟ. ಹಾಗಾಗಿ ಹೊರಡುವಾಗ, ಮರಳುವಾಗ ಬ್ಯಾಟರಿಯ ಬಿಸಿ ಎಷ್ಟೆಂದು ನೋಡಿ ಗುರುತು ಹಾಕಿಕೊಳ್ಳುತ್ತಿದ್ದೆ. ಯಾರೂ ಕೇಳಿರಲಿಲ್ಲ.

ಬೇಸಿಗೆ ಬಂತೆಂದರೆ ಎಂಜಿನ್ ಪೆಟ್ಟಿಗೆಯ ಮೇಲೆ ಹೊಳೆನೀರಲ್ಲಿ ಅದ್ದಿದ ಗೋಣಿ ಹೊದಿಸುವುದು ನಮ್ಮ ದೋಣಿಗಳಲ್ಲಿ ರೂಢಿ. ಮೀನಿಗೂ ಅದೇ, ಎಂಜಿನ್ನಿಗೂ ಅದೇ. ಅಪ್ಪ ಬ್ಯಾಟರಿಗೂ ಹಾಗೇ ಮಾಡಿದ. ಬ್ಯಾಟರಿ ಪೆಟ್ಟಿಗೆಯ ಗಾಳಿಕಂಡಿಗಳು ಮುಚ್ಚಿದವು, ಉಪ್ಪುನೀರು ಒಳಗೆ ತೊಟ್ಟಿಕ್ಕಿತು. ಗೋಣಿ ಹಾಕಿದ ದಿನವೇ ಬಿಸಿ ಹೆಚ್ಚು ಎಂದು ನಾನು ಬರೆದಿಟ್ಟ ಅಂಕಿಗಳನ್ನು ಅಪ್ಪನಿಗೆ ತೋರಿಸಿದೆ.

“ಬಿಸಿ ಆದ್ದನ್ನ ತಂಪು ಮಾಡುದು, ಅದ್ರಲ್ಲೆಂತ ತಪ್ಪು? ಜ್ವರ ಬಂದಾಗ ನಿನ್ನ ಹಣೆಗೂ ಹಸಿ ಬಟ್ಟೆ ಇಟ್ಟವ ನಾನೇ,” ಎಂದ ಅಪ್ಪ.

ಬಿಸಿ ಮಿತಿ ಮೀರಿದರೆ ಕೂಗುವ ಗಂಟೆಯೊಂದು ಪೆಟ್ಟಿಗೆಗಿತ್ತು. ಆ ಬೇಸಿಗೆಯಲ್ಲಿ ಅದು ಪದೇ ಪದೇ ಕೂಗತೊಡಗಿತು. ಪ್ರವಾಸಿಗರು ಹೆದರಿ, ದಡಕ್ಕೆ ಬಿಡಿ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ದೋಣಿಯ ಮಾಲೀಕರು ಬಂದು ನಮ್ಮೆದುರೇ ಗಂಟೆಯ ತಂತಿ ಕತ್ತರಿಸಿದರು. “ಬೊಬ್ಬೆ ಹೊಡೆಯೂ ಬೋಟಿಗೆ ಯಾರು ಹತ್ತುದು ಮಾರಾಯ?” ಎಂದರು. ಅಪ್ಪ ನಕ್ಕ.

ಮುಂದೊಂದು ಮಧ್ಯಾಹ್ನದ ಸುತ್ತಿನಲ್ಲಿ ಹಲಗೆಯ ಕೆಳಗಿಂದ ಹೊಗೆ ಎದ್ದಿತು. ಇಳಿತದ ಹೊತ್ತು, ಮರಳುದಿಬ್ಬ ಹತ್ತಿರವಿತ್ತು. ಅಪ್ಪ ದೋಣಿಯನ್ನು ಅದರ ಮೇಲೇರಿಸಿ, ಎಲ್ಲರನ್ನೂ ಮೊಣಕಾಲು ನೀರಿಗೆ ಇಳಿಸಿ ಕೊನೆಗೆ ತಾನಿಳಿದ. ನೀರು ಎರಚಿದರೆ ಆರಿದಂತೆ ಕಂಡ ಬೆಂಕಿ ಮತ್ತೆ ಏಳುತ್ತಿತ್ತು. ದೋಣಿ ಪೂರ್ತಿ ಸುಟ್ಟಿತು. ಒಬ್ಬರಿಗೂ ಗಾಯವಾಗಲಿಲ್ಲ, ಅದನ್ನು ಯಾರೂ ಅಪ್ಪನ ಲೆಕ್ಕಕ್ಕೆ ಹಾಕಲಿಲ್ಲ.

ಬೆಂಕಿಯ ಬಗ್ಗೆ ಬಂದರು ಇಲಾಖೆಯವರ ವಿಚಾರಣೆಯಿತ್ತು. ಅದರ ಹಿಂದಿನ ದಿನ ಮಾಲೀಕರು ಮನೆಗೆ ಬಂದಿದ್ದರು. ಹೊಸ ದೋಣಿ ಬರುತ್ತದೆ, ಚುಕ್ಕಾಣಿ ನಿನ್ನದೇ, ಗಂಟೆಯ ಸುದ್ದಿ ಮಾತ್ರ ಎತ್ತಬೇಡ ಎಂದು ಹೇಳಿಹೋದರು. ನಾನಾದರೂ ಹೇಳುತ್ತೇನೆ ಎಂದೆ.

“ಬೋಟು ಬಿಟ್ಟು ನಂಗೆಂತ ಬತ್ತದೆ, ಹೇಳು,” ಎಂದ ಅಪ್ಪ. ನಾನು ಅಂಕಿ ಬರೆದ ಪುಸ್ತಕ ಮುಚ್ಚಿಟ್ಟೆ.

ಜೆಟ್ಟಿಯ ಮೇಲೆ ಕುರ್ಚಿ ಹಾಕಿ ಕೂತ ಅಧಿಕಾರಿಗಳ ಮುಂದೆ ಕರಕಲಾದ ಗೋಣಿಯ ಚೂರಿತ್ತು. ಇದು ಯಾರು ಹಾಕಿದ್ದು ಎಂದು ಕೇಳಿದರು. “ನಾನೇ,” ಎಂದ ಅಪ್ಪ. ಗಂಟೆ ಕೂಗಲಿಲ್ಲವೇ ಎಂದರು. ಅಪ್ಪ ಮಾಲೀಕರ ಕಡೆ ನೋಡಿದ. ಅವರು ಹೊಳೆ ನೋಡುತ್ತಿದ್ದರು. “ನಂಗೆ ಕೇಳ್ಲಿಲ್ಲ,” ಎಂದ. ಟಿಕೆಟ್ ಹರಿಯುವವಳನ್ನು ಯಾರೂ ಏನೂ ಕೇಳಲಿಲ್ಲ. ಗಂಟೆಯೂ ಕೇಳದ ಚಾಲಕ ಎಂದು ಬರೆದುಕೊಂಡು ಎದ್ದರು.

ಹೊಸ ದೋಣಿ ಬಂದಿದೆ. ಬ್ಯಾಟರಿಗೆ ನೀರು ತಾಗದ ಎತ್ತರದ ಗೂಡು, ಸುತ್ತ ಬೆಂಕಿ ತಡೆಯುವ ತಗಡು. ಗಂಟೆಯ ತಂತಿ ಯಾರ ಕೈಗೂ ಸಿಗದಂತೆ ಕೊಳವೆಯೊಳಗಿದೆ. ಗೂಡಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದ್ದಾರೆ: ಗೋಣಿ ಹಾಕಬಾರದು. ಚಾಲಕ ಕುಮಟಾ ಕಡೆಯವನು. ಕಿವಿ ಮಂದವಾದವನಿಗೆ ಚುಕ್ಕಾಣಿ ಹೇಗೆ ಕೊಡಲಿ ಎಂದರಂತೆ ಮಾಲೀಕರು.

ಅಪ್ಪ ಈಗ ಮೀನು ಒಣಗಿಸುವ ಕಣದಲ್ಲಿ ದುಡಿಯುತ್ತಾನೆ. ಬೆಳಿಗ್ಗೆ ಹೊಸ ದೋಣಿಯವರು ಪರೀಕ್ಷೆಗೆಂದು ಗಂಟೆಯನ್ನು ಒಮ್ಮೆ ಕೂಗಿಸುತ್ತಾರೆ. ಕಣದ ಆ ತುದಿಯಲ್ಲಿ, ಎಲ್ಲರಿಗಿಂತ ಮೊದಲು ತಲೆಯೆತ್ತುವವನು ಅವನೇ.