ಓಮನ ಚೇಚಿಯ ಬಾಳೆನಾರು

ಓಮನ ಚೇಚಿಯ ಹಲ್ಲುಗಳ ನಡುವೆ ಯಾವಾಗಲೂ ಬಾಳೆನಾರಿನ ಒಂದು ತುದಿ ಇರುತ್ತಿತ್ತು. ಇನ್ನೊಂದು ತುದಿ ಕಾಲಿನ ಹೆಬ್ಬೆರಳಿಗೆ. ನಡುವೆ ತುಳಸಿ, ತೆಚ್ಚಿ ಎಂಬ ಕೆಂಪು ಹೂವು ಒಂದರ ಪಕ್ಕ ಒಂದು ಬಂದು ಕೂರುತ್ತಿದ್ದವು. ನಾರನ್ನು ಬಾಯಿಂದ ತೆಗೆಯದೆಯೇ ಮಾತಾಡುತ್ತಿದ್ದುದರಿಂದ ಅರ್ಧ ಅಕ್ಷರಗಳು ಒಳಗೇ ಉಳಿಯುತ್ತಿದ್ದವು. ನಾನು ಮಲಯಾಳ ಕಲಿತದ್ದು ಅವರಿಂದಲೇ. ಈಗಲೂ ನನ್ನ ಮಲಯಾಳ ಕೇಳಿದವರು, ಈಕೆ ಬಾಯಲ್ಲಿ ಏನಿಟ್ಟುಕೊಂಡಿದ್ದಾಳೆ ಎನ್ನುವ ಹಾಗೆ ನೋಡುತ್ತಾರೆ.

ನಮ್ಮ ಯಜಮಾನರಿಗೆ ಬ್ಯಾಂಕಿನಲ್ಲಿ ಮೈಸೂರಿಂದ ಕೊಚ್ಚಿಗೆ ವರ್ಗವಾದಾಗ ತ್ರಿಪ್ಪುಣಿತ್ತುರದಲ್ಲಿ ಮನೆ ಹಿಡಿದೆವು. ಪಕ್ಕದ ಮನೆ ಚೇಚಿಯದು; ಅಕ್ಕನನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಸಾಮಾನು ಬಿಚ್ಚಿ ಮುಗಿಯುವ ಮೊದಲೇ ನನಗೆ ಜ್ವರ ಬಂತು, ಎದೆಗೆ ಇಳಿಯಿತು, ಉಸಿರಾಟದ ಯಂತ್ರ ಹಾಕಿ ಐಸಿಯುನಲ್ಲಿ ಮಲಗಿಸಿದರು. ದೇವರು ಉಳಿಸಿದ. ಡಾಕ್ಟರು, ನರ್ಸುಗಳ ರೂಪದಲ್ಲಿ ಬಂದು ಉಳಿಸಿದ. ಮನೆಗೆ ಬಂದೆ.

ಆದರೆ ಬರುವಾಗ ಒಂದು ಭಯವನ್ನೂ ತಂದಿದ್ದೆ. ನನ್ನ ಕೈಗಳು ಕೊಳೆತಿವೆ, ಯಾರೋ ಬಂದು ಕತ್ತರಿಸುತ್ತಾರೆ ಎಂಬ ಭಯ. ಐಸಿಯುನಲ್ಲಿ ಅರೆಎಚ್ಚರದಲ್ಲಿದ್ದಾಗ ತಲೆಯ ಹತ್ತಿರ ಯಾರೋ "ಕೈ ಕೆಟ್ಟ್, ಕೈ ಕೆಟ್ಟ್" ಎಂದದ್ದನ್ನು ಕಿವಿಯಾರೆ ಕೇಳಿದ್ದೆ. ಬಾಯಲ್ಲಿ ಕೊಳವೆ, ಕೇಳುವ ಹಾಗಿಲ್ಲ. ಎತ್ತಿ ನೋಡೋಣವೆಂದರೆ ಕೈ ಏಳಲಿಲ್ಲ. ಆಮೇಲೆ "ಮುರಿ, ಮುರಿ" ಎಂದರು. ಕೆಟ್ಟಿದೆ, ಅದಕ್ಕೇ ಮುರಿಯುತ್ತಾರೆ ಎಂದುಕೊಂಡೆ.

ಮನೆಯಲ್ಲೂ ಕೈಗಳನ್ನು ಸೆರಗಿನೊಳಗೇ ಇಟ್ಟುಕೊಂಡಿರುತ್ತಿದ್ದೆ. ದೇವರ ದೀಪವನ್ನು ಯಜಮಾನರೇ ಹಚ್ಚುತ್ತಿದ್ದರು. ಕೆಟ್ಟ ಕೈ ಜೋಡಿಸಿಕೊಂಡು ನಂಜುಂಡನ ಮುಂದೆ ಹೇಗೆ ನಿಲ್ಲಲಿ? ಹೇಳಿದರೆ ತಲೆಯೇ ಕೆಟ್ಟಿದೆ ಅಂದಾರು ಎಂದು ಯಾರಿಗೂ ಹೇಳಲಿಲ್ಲ.

ನೋಡಲು ಬಂದವರೆಲ್ಲ ಐಸಿಯುನಲ್ಲಿ ಏನಾಯಿತು ಎಂದು ಕೇಳುತ್ತಿದ್ದರು. ಚೇಚಿ ಕೇಳುತ್ತಿದ್ದುದು, ಗಂಜಿಗೆ ಉಪ್ಪು ಸಾಕೇ ಎಂದು ಮಾತ್ರ. ಒಂದು ದಿನ ಅವರು ಕೂತಿದ್ದಾಗ ನಮ್ಮ ವಾಷಿಂಗ್ ಮೆಷೀನು ಬಟ್ಟೆ ಮುಗಿಸಿ ಕೀಂ ಕೀಂ ಎಂದಿತು. ಆಸ್ಪತ್ರೆಯ ಯಂತ್ರಗಳದೇ ಸದ್ದು. ನಾನು ಬೆವೆತು ಗೋಡೆಗೆ ಒರಗಿದೆ. ಚೇಚಿ ತಿರುಗಿ, "ಒನ್ನು ಮಿಂಡಾದಿರಿಯೆಡೀ!" ಎಂದರು. ಸ್ವಲ್ಪ ಬಾಯಿ ಮುಚ್ಕೊಂಡಿರೇ ಎಂದು ಮೆಷೀನಿಗೆ ಗದರಿದ್ದು! ಅದೂ ಸುಮ್ಮನಾಯಿತು. ಅಂದಿನಿಂದ ಅದು ಕೂಗಿದಾಗೆಲ್ಲ ನಾನೂ ಹಾಗೇ ಬೈಯತೊಡಗಿದೆ.

"ಯಾರಿಗೇ ಬೈತಿರೋದು?" ಎಂದು ಯಜಮಾನರು ಓಡಿ ಬಂದರು.

"ಮೆಷೀನಿಗೆ ರೀ. ಚೇಚಿ ಹೇಳಿಕೊಟ್ಟಿದಾರೆ."

ಎಷ್ಟೋ ದಿನಗಳ ಮೇಲೆ ಅವರು ನಕ್ಕರು. ಅದೊಂದು ಕೃಪೆ ಎಂದು ಎಣಿಸಿಕೊಂಡೆ.

ಒಂದು ಬೆಳಿಗ್ಗೆ ಚೇಚಿಯ ಜಗಲಿಯಲ್ಲಿ ಕೂತಿದ್ದೆ. ಅವರು ನೀರಲ್ಲಿ ನೆನೆದ ಒಂದು ನಾರು ತೆಗೆದು ನನ್ನ ಮುಂದೆ ಹಿಡಿದರು. "ಇನ್ನಾ ಮೋಳೆ, ಪೂ ಕೆಟ್ಟ್."

ಮತ್ತೆ ಅದೇ ಮಾತು. ಅವರ ಹೂವಿನ ಬುಟ್ಟಿ ನೋಡಿದೆ. ತುಳಸಿಯ ಮೇಲೆ ಇನ್ನೂ ಇಬ್ಬನಿ ಇತ್ತು.

"ಕೆಟ್ಟಿಲ್ಲ ಚೇಚಿ."

"ಕೆಟ್ಟಿಲ್ಲೇ? ಅದೆಂದಾ?" ಅದೇಕೆ ಎಂದು ಹುಬ್ಬು ಏರಿಸಿದರು.

"ತಾಜಾ ಇದೆಯಲ್ಲ, ಎಲ್ಲಿ ಕೆಟ್ಟಿದೆ? ಕೆಟ್ಟಿಲ್ಲ!"

ನಾನು ಹಟ ಮಾಡುತ್ತಿದ್ದೇನೆ ಎಂದು ಅವರಿಗೆ ಅನಿಸಿರಬೇಕು. ಸೆರಗಿನೊಳಗಿದ್ದ ನನ್ನ ಕೈಯನ್ನು ಎಳೆದು, ಬೆರಳುಗಳ ನಡುವೆ ತುಳಸಿಯ ಕುಡಿ ಇಟ್ಟು, ನಾರು ಸುತ್ತಿ, ಗಂಟು ಬಿಗಿದರು. "ಇದಾ, ಇದು ಕೆಟ್ಟ್."

ಕೆಟ್ಟ್ ಅಂದರೆ ಕಟ್ಟು! ನನ್ನ 'ಕೆಟ್ಟಿಲ್ಲ' ಅವರಿಗೆ ಕಟ್ಟೋದಿಲ್ಲ ಎಂದು ಕೇಳಿಸಿತ್ತು. "ಹಾಗಾದ್ರೆ ಕೈ ಕೆಟ್ಟ್ ಅಂದ್ರೆ?" ಎಂದೆ. ಚೇಚಿ ಎರಡು ಮಣಿಕಟ್ಟು ಸೇರಿಸಿ, ಗಾಳಿಯಲ್ಲೇ ಹಗ್ಗ ಸುತ್ತಿ ತೋರಿಸಿದರು. ಕೊಳವೆ ಕಿತ್ತುಕೊಳ್ಳದ ಹಾಗೆ ಕೈ ಕಟ್ಟಿ ಎಂದಿದ್ದರು, ಅಷ್ಟೇ. ಅಳುತ್ತಾ ನನಗೆ ಬಂದ ಮಲಯಾಳದಲ್ಲಿ, ಬರದ ಕಡೆ ಕನ್ನಡದಲ್ಲಿ, ಎಲ್ಲವನ್ನೂ ಹೇಳಿದೆ.

"ಮುರಿ ಅಂದರಲ್ಲ ಚೇಚಿ?"

"ಎನ್ಟೆ ಭಗವಾನೇ! ಮುರಿ, ರೂಮ್ ಅಲ್ಲೇ!"

ಮುರಿ ಎಂದರೆ ರೂಮು; ನನ್ನನ್ನು ವಾರ್ಡಿನ ರೂಮಿಗೆ ಕಳಿಸುವ ಸಂತೋಷದ ಸುದ್ದಿ ಅದು. ಚೇಚಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗಲೂ ನಾರು ಬಿಡಲಿಲ್ಲ.

ಅಂದೇ ಎಲ್ಲ ಸರಿಹೋಯಿತು ಎಂದರೆ ಸುಳ್ಳು. ಅರ್ಥವಾದ ಮಾತ್ರಕ್ಕೆ ಭಯ ಎದ್ದು ಹೋಗುವುದಿಲ್ಲ. ಆದರೆ ಅದನ್ನು ಯಜಮಾನರಿಗೆ ಹೇಳುವ ಧೈರ್ಯ ಬಂತು. ಅವರು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಐಸಿಯುನಿಂದ ಬಂದವರಲ್ಲಿ ಅನೇಕರಿಗೆ ಹೀಗಾಗುತ್ತದೆ, ಇದು ಹುಚ್ಚಲ್ಲ ಎಂದು ಡಾಕ್ಟರು ಒಬ್ಬ ಕೌನ್ಸೆಲರ್ ಬಳಿ ಕಳಿಸಿದರು. ಜೊತೆಗೆ ಬಂದಿದ್ದ ಚೇಚಿ ಸುಮ್ಮನಿರದೆ, ಕೈ ಕಟ್ಟುವ ಪಟ್ಟಿ ತೋರಿಸಿ ಎಂದು ನರ್ಸನ್ನು ಕಾಡಿ ತರಿಸಿದರು. ಎಳೆಮಗುವಿನ ಬಟ್ಟೆಯಷ್ಟು ಮೆತ್ತಗಿತ್ತು. ನರ್ಸು ಕಟ್ಟಿಯೂ ತೋರಿಸಿದಳು. ಚೇಚಿ ಗಂಟನ್ನು ಹಿಂದೆ ಮುಂದೆ ನೋಡಿ, "ಪೋರಾ," ಸಾಲದು, ಎಂದುಬಿಟ್ಟರು. ನರ್ಸೂ ನಕ್ಕಳು, ನಾನೂ ನಕ್ಕೆ.

ಎಷ್ಟೋ ವಾರಗಳ ಮೇಲೆ ಒಂದು ಸಂಜೆ ದೀಪ ಹಚ್ಚಿದೆ. ಎರಡನೆಯ ಕಡ್ಡಿಗೆ ಬತ್ತಿ ಹತ್ತಿತು. ನಂಜುಂಡನಿಗೆ ಕೈ ಮುಗಿದೆ.

ಈಗ ನಾವು ತಿರುವನಂತಪುರದಲ್ಲಿದ್ದೇವೆ. ಚಾಲೈ ಪೇಟೆಯಿಂದ ಬಿಡಿ ಹೂವು ತಂದು ನಾನೇ ಕಟ್ಟುತ್ತೇನೆ. ಕೆಲವು ರಾತ್ರಿ ಕನಸು ಬೀಳುತ್ತದೆ, ಎದ್ದು ನೀರು ಕುಡಿದು ಮಲಗುತ್ತೇನೆ. ಚೇಚಿ ಹೋದ ವರ್ಷ ತೀರಿಕೊಂಡರು. ಆಸ್ಪತ್ರೆಯ ಮೆಟ್ಟಿಲು ಹತ್ತದೆ, ನಿದ್ದೆಯಲ್ಲೇ ಹೋದರಂತೆ. ಅದನ್ನೂ ಕೃಪೆಯ ಲೆಕ್ಕಕ್ಕೇ ಸೇರಿಸಿದ್ದೇನೆ.

ಅವರನ್ನು ಕೊನೆಯ ಸಲ ಕಂಡದ್ದು ನಾವು ತ್ರಿಪ್ಪುಣಿತ್ತುರ ಬಿಟ್ಟ ದಿನ. ಸಾಮಾನು ಸಾಗಿಸುವವರು ಬಂದಿದ್ದರು. ಹಾಸಿಗೆ ಸುರುಳಿಯ ಮೇಲೆ ಮಂಡಿಯೂರಿದವನು ಇನ್ನೊಬ್ಬನಿಗೆ, "ಕೆಟ್ಟೆಡಾ, ಕೆಟ್ಟ್!" ಎಂದು ಕೂಗಿದ. ಕಾಂಪೌಂಡಿನ ಆಚೆ ನಿಂತಿದ್ದ ಚೇಚಿ ತಟ್ಟನೆ ನನ್ನ ಕೈ ಕಡೆ ನೋಡಿದರು.

ನನ್ನ ಕೈ ಸೆರಗಿನೊಳಗೆ ಇರಲಿಲ್ಲ. ಗಂಟು ಸಡಿಲವಾಗದಿರಲೆಂದು ಹಗ್ಗದ ಮೇಲೆ ಬೆರಳು ಒತ್ತಿ ಹಿಡಿದಿದ್ದೆ.

ಚೇಚಿ ಹಲ್ಲಿನ ನಡುವಿನ ನಾರು ತೆಗೆದರು. "ಪೋಯಿಟ್ಟು ವಾ, ಮೋಳೆ," ಎಂದರು. ಹೋಗಿ ಬಾ ಮಗಳೇ. ಒಂದಕ್ಷರವೂ ಒಳಗೆ ಉಳಿಯಲಿಲ್ಲ.