ಖಂಡೇನವಮಿಯ ದಿನ ಒತ್ತಿದ ಬಟನ್

ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಗಂಡನಿಂದ ನಾನು ಮುಚ್ಚಿಟ್ಟದ್ದು ಒಂದೇ ಒಂದು ಸಂಗತಿ. ಯಾವತ್ತಾದರೂ ಹೇಳಿದರಾಯಿತು, ಹೇಳಿ ಇಬ್ಬರೂ ನಕ್ಕರಾಯಿತು ಎಂದುಕೊಂಡಿದ್ದೆ. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಹೇಳುವುದು ಹಾಗೆಯೇ ಉಳಿಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರು ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ನಡೆಸುತ್ತಿದ್ದರು. ನಮ್ಮ ಬಾಡಿಗೆ ಮನೆ ಲಕಮನಹಳ್ಳಿಯಲ್ಲಿ. ದಿನವೂ ಎರಡು ಬಸ್ಸು ಹತ್ತಿ ಹೋಗಿ, ಎರಡು ಬಸ್ಸು ಹತ್ತಿ ಬರುತ್ತಿದ್ದರು. ಇಡೀ ದಿನ ಕಬ್ಬಿಣದ ಜೊತೆ ಗುದ್ದಾಡಿ ಬಂದ ಮನುಷ್ಯನಿಗೆ ಸಂಜೆ ಬೇಕಾಗಿದ್ದುದು ಒಂದೇ, ಟಿವಿಯಲ್ಲಿ ಕಾರು ಓಡಿಸುವುದು. ಹುಬ್ಬಳ್ಳಿಯ ರಿಪೇರಿ ಅಂಗಡಿಯೊಂದರಿಂದ ಯಾರೋ ಆಡಿ ಬಿಟ್ಟ ಗೇಮ್ ಕನ್ಸೋಲ್ ತಂದಿದ್ದರು. ಕರಿ ಬಣ್ಣ, ಕೂಸಿನಷ್ಟು ಭಾರ. ಚಾಲೂ ಮಾಡಿದರೆ ಮೊದಲು ಅದರ ಹಳೆಯ ಯಜಮಾನನ ಹೆಸರು ಬರುತ್ತಿತ್ತು. ಇವರಿಗೆ ಅದೊಂದು ಕಿರಿಕಿರಿ.

"ನಮ್ಮ ಮನ್ಯಾಗ ಕುಂತು, ನಮ್ಮ ಕರೆಂಟ್ ತಿಂದು, ಮಂದಿ ಹೆಸರು ಹೇಳತೈತಿ ನೋಡಿದು," ಎನ್ನುತ್ತಿದ್ದರು.

"ಬದಲಿ ಮಾಡ್ರಲ್ಲ."

"ಹ್ಯಾಂಗ ಅಂತ ಗೊತ್ತಾದ್ರ ಮಾಡತಿದ್ದೆ."

ಹಗಲು ಅವರು ಕೆಲಸಕ್ಕೆ ಹೋದ ಮೇಲೆ ಆ ಪೆಟ್ಟಿಗೆ ನನ್ನದು. ಅನ್ನಕ್ಕಿಟ್ಟು ಒಂದು ರೇಸು, ಬಟ್ಟೆ ನೆನೆಯಿಟ್ಟು ಇನ್ನೊಂದು. ಅದರ ಯಾವ ಮೂಲೆಯಲ್ಲಿ ಏನಿದೆ ಎಂಬುದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದೆ ಎಂದು ಹೇಳಿಕೊಳ್ಳಲು ಹೋಗಲಿಲ್ಲ, ಅಷ್ಟೆ.

ಆ ವರ್ಷ ದಸರೆಗೆ ಮುಂಚೆ ಅವರು ಹೊಸ ಡಿಸ್ಕ್ ತಂದರು. ಒಳಗೆ ಹಾಕಿದರೆ ಪೆಟ್ಟಿಗೆ ಆಡಿಸಲು ಒಪ್ಪಲಿಲ್ಲ. ಸಿಸ್ಟಮ್ ಸಾಫ್ಟ್‌ವೇರ್ ಹಳೆಯದಾಗಿದೆ, ಹೊಸದು ಹಾಕಿ ಎಂದಿತು. ಇಂಟರ್ನೆಟ್ ಎಂಬುದು ಆಗ ನಮ್ಮ ಓಣಿಗೇ ಬಂದಿರಲಿಲ್ಲ. ಧಾರವಾಡದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಅಂಗಡಿ ಇತ್ತು. ರವಿವಾರ ಮುಂಜಾನೆ ಇಬ್ಬರೂ ಹೋಗಿ ಕುಳಿತೆವು. ಆ ಫೈಲು ಪೆನ್‌ಡ್ರೈವಿಗೆ ಇಳಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಅಂಗಡಿಯವನು ಒಂದು ಚೀಟಿಯಲ್ಲಿ ಎಲ್ಲ ಬರೆದುಕೊಟ್ಟ. ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರ್, ಅದರೊಳಗೆ ಫೈಲು; ಇದರಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಪೆಟ್ಟಿಗೆ ಗುರುತು ಹಿಡಿಯುವುದಿಲ್ಲ.

"ಇನ್ನೊಂದು ಮಾತ್ರೀ ಕಾಕಾ," ಎಂದ. "ಅಪ್‌ಡೇಟ್ ಆಗಾಕತ್ತಾಗ ನಡುವ ಕರೆಂಟ್ ಹೋತಂದ್ರ ಮುಗೀತು. ಡಬ್ಬಿ ಕಲ್ಲಾಗತೈತಿ. ಯಾರ ಕಡೆಯಿಂದನೂ ರಿಪೇರಿ ಆಗೂದಿಲ್ಲ."

ಇವರ ಮುಖ ಸಣ್ಣದಾಯಿತು. ನಮ್ಮ ಓಣಿಯಲ್ಲಿ ಕರೆಂಟು ಹೇಳಿ ಹೋಗುತ್ತಿರಲಿಲ್ಲ, ಕೇಳಿ ಬರುತ್ತಿರಲಿಲ್ಲ. ಪೆನ್‌ಡ್ರೈವನ್ನು ದೇವರ ಮಾಡದಲ್ಲಿಟ್ಟು ನಾಲ್ಕು ದಿನ ಯೋಚನೆ ಮಾಡಿದರು. ಐದನೆಯ ದಿನ ಚಹಾ ಕುಡಿಯುತ್ತ, ಕಳ್ಳನ ಹಾಗೆ ನಕ್ಕರು.

"ಖಂಡೇನವಮಿ ದಿವಸ ವರ್ಕ್‌ಶಾಪಿನ್ಯಾಗ ಜನರೇಟರ್ ಇಡೀ ದಿನ ಚಾಲೂ ಇರತೈತಿ. ಸೀರಿಯಲ್ ಲೈಟು, ಮೈಕು, ಎಲ್ಲಾ ಅದರ ಮ್ಯಾಲ. ಸಾಹುಕಾರ್ರ ಕ್ಯಾಬಿನ್ನಿನ್ಯಾಗ ಟಿವಿನೂ ಐತಿ."

ಖಂಡೇನವಮಿಯ ದಿನ ಅಲ್ಲಿ ಯಂತ್ರಗಳನ್ನೆಲ್ಲ ಒರೆಸಿ ಪೂಜೆ ಮಾಡುತ್ತಾರೆ, ಮನೆಮಂದಿಯೂ ಹೋಗುತ್ತಾರೆ. ನಾವು ಕನ್ಸೋಲನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮೇಲೆ ಬಾಳೆಹಣ್ಣಿನ ಚಿಪ್ಪು ಇಟ್ಟು, ಚೀಲದಲ್ಲಿ ಒಯ್ದೆವು. ಮಂದಿಯೆಲ್ಲ ಹೊರಗೆ ತೋರಣ ಕಟ್ಟುವಾಗ ಇವರು ಕ್ಯಾಬಿನ್ನಿಗೆ ನುಗ್ಗಿ ಟಿವಿಗೆ ವೈರು ಜೋಡಿಸಿದರು. ಬಟನ್ ಒತ್ತುವುದೊಂದೇ ಬಾಕಿ. ಆಗ ಬಾಗಿಲಲ್ಲಿ ಸಾಹುಕಾರರು, ಕೈಯಲ್ಲಿ ಪೂಜೆಯ ತಾಟು.

"ಏನೋ ಇದು?"

ಇವರು ತಡವರಿಸಲಿಲ್ಲ. "ಇದೂ ಒಂದು ಮಷಿನ್ರೀ ಸಾಹುಕಾರ್ರ. ಪೂಜಿ ಆಗ್ಲಿ ಅಂತ ತಂದೇನಿ."

ಸಾಹುಕಾರರು ಕನ್ನಡಕದ ಮೇಲಿಂದ ನೋಡಿದರು. "ಲೇಥ್ ಮ್ಯಾಲ ನಿನಗ ಇಷ್ಟು ಭಕ್ತಿ ಇದ್ರ ಛಲೋ ಆಗತಿತ್ತು," ಎಂದು ಪೆಟ್ಟಿಗೆಗೆ ವಿಭೂತಿ ಎಳೆದರು, ಬಟನ್ನಿನ ಮೇಲೆಯೇ ಕುಂಕುಮ ಹಚ್ಚಿದರು, ಚೆಂಡುಹೂವು ಇಟ್ಟರು. "ಆತು. ಇನ್ನ ನಾಳೆ ಬನ್ನಿ ಮುಡಿಯೂತನಕ ಇದಕ್ಕೂ ಸೂಟಿ. ಯಾರೂ ಚಾಲೂ ಮಾಡಬ್ಯಾಡ್ರಿ."

ಅಲ್ಲಿಗೆ ಮುಗಿಯಿತು. ಪೂಜೆಯಾದ ಯಂತ್ರವನ್ನು ಆ ದಿನ ನಡೆಸಬಾರದೆಂಬುದು ಅಲ್ಲಿ ಎಲ್ಲರೂ ಪಾಲಿಸುವ ನಿಯಮ. ಇವರು ಎಂಥ ಕಿಡಿಗೇಡಿಯಾದರೂ ಅದನ್ನು ಮೀರುವವರಲ್ಲ. ನಾಳೆ ಜನರೇಟರ್ ಇರುವುದಿಲ್ಲ.

"ಮುಂದಿನ ವರ್ಷ ಪೂಜಿಗಿಂತ ಮೊದಲ ಮಾಡೂಣು," ಎಂದರು. ತಮಾಷೆಗೆ ಎಂದುಕೊಂಡೆ. ಮುಖ ನೋಡಿದರೆ ತಮಾಷೆ ಇರಲಿಲ್ಲ. ಹೊಸ ಡಿಸ್ಕನ್ನು ಒಂದು ವರ್ಷ ಕಪಾಟಿನಲ್ಲಿಡಲು ಆ ಮನುಷ್ಯ ತಯಾರಾಗಿದ್ದ.

ಊಟಕ್ಕೆ ಗಂಡಸರ ಪಂಕ್ತಿ ಮೊದಲು ಕುಳಿತಿತು. ನಾನು ಕ್ಯಾಬಿನ್ನಿನಲ್ಲಿ ಒಬ್ಬಳೇ. ನಿಯಮ ಇರುವುದು ಕೆಲಸದವರಿಗೆ, ನಾನು ಇಲ್ಲಿ ಪಗಾರ ಎಣಿಸುವವಳಲ್ಲವಲ್ಲ ಎಂದು ನನಗೆ ನಾನೇ ವಕಾಲತ್ತು ವಹಿಸಿಕೊಂಡೆ. ಹೂವು ತೆಗೆದು ಪಕ್ಕಕ್ಕಿಟ್ಟೆ. ಪೆನ್‌ಡ್ರೈವ್ ಚುಚ್ಚಿ, ಕುಂಕುಮದ ಮೇಲೆಯೇ ಬೆರಳಿಟ್ಟು ಒತ್ತಿದೆ.

ಪೆಟ್ಟಿಗೆ ಫೈಲನ್ನು ಗುರುತು ಹಿಡಿಯಿತು. ಪರದೆಯ ಮೇಲೆ ಒಂದು ಪಟ್ಟಿ ತುಂಬತೊಡಗಿತು, ಇರುವೆ ನಡೆದ ಹಾಗೆ. ಅರ್ಧಕ್ಕೆ ಬಂದಾಗ ಹೊರಗೆ ಜನರೇಟರ್ ಎರಡು ಸಲ ಕೆಮ್ಮಿತು. ಸೀರಿಯಲ್ ಲೈಟು ಮಂಕಾದವು. ಇವರ ಪೆಟ್ಟಿಗೆಯನ್ನು ನನ್ನ ಕೈಯಾರೆ ಕಲ್ಲು ಮಾಡಿದೆನಲ್ಲ ಎಂದು ಬಟನ್ನಿನ ಕುಂಕುಮಕ್ಕೇ ಕೈ ಮುಗಿದೆ. ಆಮೇಲೆ ಜನರೇಟರ್ ಗಂಟಲು ಸರಿಮಾಡಿಕೊಂಡು ಮೊದಲಿನಂತೆ ಓಡಿತು.

"ಒಳಗ ಏನ್ ಮಾಡಾಕತ್ತೀಯವ್ವಾ?" ಸಾಹುಕಾರರು ಪಂಕ್ತಿಯಿಂದಲೇ ಕೂಗಿದರು.

"ದೀಪಕ್ಕ ಎಣ್ಣಿ ಹಾಕಾಕತ್ತೇನ್ರಿ."

"ಎಷ್ಟೊತ್ತಿನ ಎಣ್ಣಿ ಅದು? ಗಾಣಾ ಹಾಕೀಯೇನ?"

ಪಂಕ್ತಿಯೆಲ್ಲ ನಕ್ಕಿತು. ಇವರ ನಗುವೂ ಕೇಳಿಸಿತು. ಅಷ್ಟರಲ್ಲಿ ಪೆಟ್ಟಿಗೆ ತಾನೇ ಆರಿ, ಪೀಕ್ ಎಂದು ಮತ್ತೆ ಹತ್ತಿತು. ಆ ಸದ್ದು ಮುಚ್ಚಲು ನಾನು ಜೋರಾಗಿ ಕೆಮ್ಮಿದೆ. ಕೆಲಸ ಆಗಿತ್ತು.

ಅಲ್ಲಿಗೆ ಬಿಡಬೇಕಿತ್ತು. ಪಂಕ್ತಿಯಲ್ಲಿ ಇನ್ನೂ ಮಜ್ಜಿಗೆ ಬಂದಿರಲಿಲ್ಲ, ನನಗೆ ಹುರುಪು ಬಂದಿತ್ತು. ಪರದೆಯ ಮೇಲಿನ ಆ ಮಂದಿಯ ಹೆಸರನ್ನು ಅಳಿಸಿದೆ. ಅಲ್ಲಿ ಗಂಡನ ಹೆಸರು ಹಾಕಬೇಕು. ಬಾಯಿಂದ ಒಂದು ದಿನವೂ ಹೇಳಿದವಳಲ್ಲ; ಬೆರಳಿಂದ ಹೇಳಲೂ ಆಗಲಿಲ್ಲ. ಇಂಗ್ಲಿಷ್ ಅಕ್ಷರ ಒಂದೊಂದೇ ಹುಡುಕಿ 'ಇವರು' ಎಂದು ಬರೆದೆ. ಪೆಟ್ಟಿಗೆ ಬಂದ್ ಮಾಡಿ, ಪೆನ್‌ಡ್ರೈವ್ ಕಿತ್ತು ಚೀಲಕ್ಕೆ ಹಾಕಿ, ತಾಟಿನಿಂದ ಕುಂಕುಮ ತೆಗೆದು ಮತ್ತೆ ಹಚ್ಚಿ, ಹೂವು ಇಟ್ಟು, ಹೆಂಗಸರ ಪಂಕ್ತಿಗೆ ಹೋಗಿ ಎರಡು ಹೋಳಿಗೆ ತಿಂದೆ.

ಮರುದಿನ ಬನ್ನಿ ಕೊಟ್ಟು ತೆಗೆದುಕೊಂಡು ಬಂದ ಮೇಲೆ ಇವರು ಮನೆಯಲ್ಲಿ ಪೆಟ್ಟಿಗೆ ಚಾಲೂ ಮಾಡಿದರು. ಆಸೆಗೆ ಹೊಸ ಡಿಸ್ಕ್ ಹಾಕಿ ನೋಡಿದರು. ಆಟ ಶುರುವಾಯಿತು. ನಾನು ರೊಟ್ಟಿ ಬಡಿಯುತ್ತ ಬೆನ್ನು ತಿರುಗಿಸಿಯೇ ಇದ್ದೆ. ಒಂದು ರೇಸು ಮುಗಿದ ಸದ್ದು ಕೇಳಿಸಿತು.

"ನೋಡಿದ್ಯಾ?" ಎಂದರು ಕೊನೆಗೆ. "ಪೂಜಿ ಮಾಡಿದ್ದಕ್ಕ ತಾನ ಅಪ್‌ಡೇಟ್ ಆಗೇತಿ. ಹೆಸರೂ ತಾನ ಬದಲಿ ಮಾಡ್ಕೊಂಡೈತಿ."

"ಖರೇನ್ರೀ? ಸಾಹುಕಾರ್ರ ಕೈಗುಣ," ಎಂದೆ.

ಇಂಥ ಮುಗ್ಧನ ಜೊತೆ ಸಂಸಾರ ಮಾಡುತ್ತಿದ್ದೇನಲ್ಲ ಎಂದು ಒಳಗೇ ನಕ್ಕೆ. ಮೊದಲು ನಿಯಮ ಮುರಿದ ಅಂಜಿಕೆಯಿಂದ ಹೇಳಲಿಲ್ಲ. ಆಮೇಲೆ ಮಜಾ ಎನ್ನಿಸಿ ಹೇಳಲಿಲ್ಲ. ಅವರು ಮಾತ್ರ ಪ್ರತಿ ವರ್ಷ ಖಂಡೇನವಮಿಗೆ ಮನೆಗೆ ಬಂದವರಿಗೆಲ್ಲ ಆ ಪವಾಡದ ಕಥೆ ಹೇಳುತ್ತಿದ್ದರು. ವರ್ಷಕ್ಕೊಂದು ರೆಕ್ಕೆಪುಕ್ಕ ಸೇರುತ್ತಿತ್ತು. ಹೇಳಿ ಮುಗಿಸಿ ನನ್ನತ್ತ ನೋಡಿ, "ಹೌದಿಲ್ಲೋ?" ಎನ್ನುತ್ತಿದ್ದರು. "ಹೌದ್ರಿ," ಎನ್ನುತ್ತಿದ್ದೆ. ದವಾಖಾನೆಯಲ್ಲಿದ್ದಾಗಲೂ ಒಂದು ಮಧ್ಯಾಹ್ನ ಕೇಳಿದರು, "ನನಗೇನರ ಹೇಳೂದೈತೇನ?" ನಾನು, "ಗುಳಿಗಿ ತಗೋರಿ," ಎಂದೆ.

ಈ ಖಂಡೇನವಮಿಗೆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಬಟನ್ನಿಗೆ ಕುಂಕುಮ ಹಚ್ಚಿದೆ. ಮತ್ತೆ ತಡೆಯಲಾಗದೆ ಒತ್ತಿದೆ. ಪರದೆಯ ಮೇಲೆ ನಾನು ಬರೆದದ್ದು ಬಂತು. ಅದನ್ನು ನೋಡುತ್ತ ನೋಡುತ್ತ ಆಗ ಹೊಳೆಯಿತು. ಯಂತ್ರ ತಾನಾಗಿಯೇ ಅಪ್‌ಡೇಟ್ ಆಯಿತು ಎಂದೇ ಇಟ್ಟುಕೊಳ್ಳೋಣ. ಅವರನ್ನು 'ಇವರು' ಎಂದು ಕರೆಯಲು ಅದಕ್ಕೆ ಯಾರು ಹೇಳಿಕೊಟ್ಟರು? ಜಗತ್ತಿನಲ್ಲಿ ಹಾಗೆ ಕರೆಯುವವಳು ಒಬ್ಬಳೇ. ಬನ್ನಿಯ ಆ ಸಂಜೆ, ನಾನು ಬೆನ್ನು ತಿರುಗಿಸಿ ರೊಟ್ಟಿ ಬಡಿಯುವಾಗಲೇ ಅವರಿಗೆ ಎಲ್ಲ ಗೊತ್ತಾಗಿತ್ತು. ವರ್ಷ ವರ್ಷವೂ ಅಷ್ಟು ಮಂದಿಯ ಎದುರು ಕಥೆಯನ್ನು ಹಿಗ್ಗಿಸಿ, ನನ್ನ ಮುಖ ನೋಡಿ, ನಾನು ಯಾವಾಗ ಒಪ್ಪಿಕೊಳ್ಳುತ್ತೇನೆಂದು ಕಾಯುತ್ತಿದ್ದರು.

ಮುಗ್ಧ ಯಾರು ಎಂಬುದು ತಿಳಿಯಲು ನನಗೆ ಇಷ್ಟು ದಿನ ಬೇಕಾಯಿತು.

"ನಾನ ಮಾಡಿದ್ನರೀ ಅದನ್ನ," ಎಂದೆ ಟಿವಿಗೆ. ಬೆರಳಿಗೆ ಹತ್ತಿದ ಕುಂಕುಮ ಸೆರಗಿಗೆ ಒರೆಸಿಕೊಂಡು, ಅವರ ಹೆಸರಿನ ಮೇಲೆಯೇ ಒಂದು ರೇಸು ಆಡಿದೆ.