ಮುಚ್ಚಿದ ಕುಣಿ

ನನ್ನ ಎಡಗಾಲನ್ನು ಮಣ್ಣು ಮಾಡುವಾಗ ನಾನು ಬಾಗಲಕೋಟೆಯ ದವಾಖಾನೆಯಲ್ಲಿ ಮಲಗಿದ್ದೆ. ಹುನಗುಂದದ ರಸ್ತೆಯಲ್ಲಿ ಗ್ರಾನೈಟ್ ಕಲ್ಲು ಹೇರಿದ ಲಾರಿಯೊಂದು ನಾನು ಕುಳಿತಿದ್ದ ಆಟೋಕ್ಕೆ ಗುದ್ದಿತ್ತು. ಮೊಣಕಾಲ ಕೆಳಗೆ ತೆಗೆಯಲೇಬೇಕು ಎಂದರು ಡಾಕ್ಟರು, ತೆಗೆದರು. ತೆಗೆದದ್ದನ್ನು ಏನು ಮಾಡೋಣ ಎಂದು ಕೇಳಿದಾಗ ನನ್ನ ಗಂಡ, ನಮ್ಮಲ್ಲಿ ಸುಡುವ ಪದ್ಧತಿ ಇಲ್ಲ, ಮಣ್ಣಿಗೇ ಕೊಡಬೇಕು ಎಂದು ಹೇಳಿ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಸಿಕೊಂಡು ಇಳಕಲ್ಲಿಗೆ ಒಯ್ದರು. ಹೊಲದ ಬದುವಿನಲ್ಲಿ ಕುಣಿ ತೆಗೆದು, ವಿಭೂತಿ ಹಚ್ಚಿ, ಮೇಲೆ ಮಣ್ಣೆಳೆದು ಬಂದರಂತೆ. ಕೇಳಿ ನನಗೆ ನಗುವೂ ಬಂತು, ಸಿಟ್ಟೂ ಬಂತು. ನಾನಿನ್ನೂ ಉಸಿರಾಡುತ್ತಿರುವಾಗಲೇ ನನ್ನ ಒಂದು ತುಂಡಿಗೆ ಎಲ್ಲ ಶಾಸ್ತ್ರ ಮುಗಿದುಹೋಗಿತ್ತು. "ನಾಯಿ ಕೆದರ್ತಾವು. ಕುಣಿ ನೆಟ್ಟಗ ಮುಚ್ಚಿಸಿ ಮ್ಯಾಲ ಒಂದು ಕಲ್ಲು ಹಾಕಿಸ್ರಿ" ಎಂದು ಗಂಡನಿಗೆ ಹೇಳಿದೆ. ಅವರು ಹೂಂ ಎಂದರು.

ಕೃತಕ ಕಾಲು ಕೂಡಿಸಿಕೊಂಡು ನಡೆಯುವುದನ್ನು ಕಲಿಯಲು ಬಾಗಲಕೋಟೆಯಲ್ಲೇ, ನವನಗರದಲ್ಲಿರುವ ಅಣ್ಣನ ಮನೆಯಲ್ಲಿ ಉಳಿದೆ. ಕೊಟ್ಟ ಕಾಲು ನನಗಿಂತ ಬೆಳ್ಳಗಿತ್ತು. ಕೇಳಿದ್ದಕ್ಕೆ ಕಾಲು ಕೂಡಿಸುವವನು, "ಸೀರಿಯೊಳಗ ಯಾರಿಗೆ ಕಾಣತೈತ್ರಿ, ಅಕ್ಕಾರ" ಎಂದ. ಯಾರಿಗೂ ಕಾಣುವುದಿಲ್ಲ ಎಂದಾದರೆ ಒಂದು ಬಡಿಗೆ ಕಟ್ಟಿ ಕಳಿಸು ಎಂದು ಜೋರು ಮಾಡಿದೆ. ಬೇಸಿಗೆಯಲ್ಲಿ ಮೋಟುಗಾಲು ಕೂರುವ ಅದರ ಸಾಕೆಟ್ಟಿನೊಳಗೆ ಬೆವರು ನಿಂತು ಚರ್ಮ ಸುಲಿಯುತ್ತಿತ್ತು. ಮುಂಜಾನೆ ಬಿಗಿಯಾಗುವ ಕಾಲು ಸಂಜೆಗೆ ಸಡಿಲಾಗಿ ಲಟಪಟ ಎನ್ನುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಹಿಮ್ಮಡಿಯ ತುರಿಕೆ. ತುರಿಸಿಕೊಳ್ಳೋಣವೆಂದರೆ ಹಿಮ್ಮಡಿ ಇಳಕಲ್ಲಿನ ಹೊಲದಲ್ಲಿತ್ತು.

ನೋಡಲು ಬಂದವರೆಲ್ಲ "ಪಾಪ" ಎನ್ನುತ್ತಿದ್ದರು. ಚಹಾ ಕುಡಿಯುವ ಮುಂಚೆ ಒಮ್ಮೆ, ಕುಡಿದ ಮೇಲೆ ಒಮ್ಮೆ. "ಇನ್ನ ಕುಂತಲ್ಲೇ ಆರಾಮ ಉಂಡಕೊಂಡ ಇರವಾ" ಎಂದು ಬುದ್ಧಿ ಹೇಳಿ ತಾವು ಎದ್ದು ನಡೆದು ಹೋಗುತ್ತಿದ್ದರು. ನನಗೆ ಆರಾಮ ಬೇಕಾಗಿರಲಿಲ್ಲ. ನಿಜ ಹೇಳಬೇಕೆಂದರೆ ನಡೆಯುವುದೂ ಅಷ್ಟಾಗಿ ಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ನನ್ನ ಮಗ್ಗ. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಅದರ ಮೇಲೆ ಸೀರೆ ನೇಯ್ದಿದ್ದೇನೆ. ಆ ಮನೆಯಲ್ಲಿ ನನ್ನದು ಎನ್ನುವ ಜಾಗ ಅದೊಂದೇ. ಅಣ್ಣನ ಮನೆಯ ಕಟ್ಟೆಯ ಮೇಲೆ ಕುಳಿತು ಕೆಳಗೆ ಎರಡು ಮಣೆ ಇಟ್ಟುಕೊಂಡು ಬಲಗಾಲು, ರಬ್ಬರ್ ಕಾಲು, ಬಲಗಾಲು, ರಬ್ಬರ್ ಕಾಲು ಎಂದು ಮಗ್ಗ ತುಳಿದಂತೆ ತುಳಿಯುತ್ತಿದ್ದೆ. ಅಣ್ಣ ನೋಡಿ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಒಂದು ದಿನ ಗಂಡ ಫೋನ್ ಮಾಡಿದರು. "ಕುಣಿ ಪೂರಾ ಮುಚ್ಚಿಸೀನಿ. ಮ್ಯಾಲ ಫರಸಿ ಕಲ್ಲೂ ಹಾಕಿಸೀನಿ. ಈಗ ಚಿಂತಿಲ್ಲ."

ನನ್ನ ಕಾಲಿಗೆ ಇಷ್ಟು ಅಕ್ಕರೆ ತೋರಿಸಿದರಲ್ಲ ಎಂದುಕೊಂಡೆ. "ಭಾಳ ಚಲೋ ಮಾಡಿದ್ರಿ" ಎಂದೆ. ಅಷ್ಟಕ್ಕೇ ಬಿಡದೆ, "ನಿಮ್ಮಂಥಾ ಗಂಡನ್ನ ಪಡಿಯಾಕ ಪುಣ್ಯ ಮಾಡಿರಬೇಕು" ಎಂದೂ ಅಂದೆ. ಆ ಮಾತನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಇಳಕಲ್ಲಿಗೆ ಬಂದು ಹೊಸ ಕಾಲಿನಿಂದ ಹೊಸ್ತಿಲು ದಾಟಿದೆ. ಪಡಸಾಲೆಯಲ್ಲಿ ಮಗ್ಗ ಇರಲಿಲ್ಲ. ನೆಲ ನುಣ್ಣಗೆ, ಸಪಾಟಾಗಿ, ಹೊಸ ಫರಸಿಯಿಂದ ಹೊಳೆಯುತ್ತಿತ್ತು. ಮಗ್ಗ ಇದ್ದಲ್ಲಿ ಒಂದು ಮಂಚ, ಅದರ ಮೇಲೆ ಹೂವಿನ ಚಾದರ.

ನಮ್ಮ ಕಡೆ ಕುಣಿ ಎಂದರೆ ಹೆಣ ಇಡುವ ತಗ್ಗು. ಮಗ್ಗದ ತಗ್ಗಿಗೂ ಕುಣಿ ಎಂದೇ ಅನ್ನುತ್ತೇವೆ. ನೆಲದಲ್ಲಿ ತೋಡಿದ ಆ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯಬೇಕು. ನಾನು ಹೇಳಿದ್ದು ಹೊಲದ ಕುಣಿ. ಇವರು ಮುಚ್ಚಿದ್ದು ಮನೆಯ ಕುಣಿ.

"ನೀ ಬಿದ್ದೀ ಅಂತ ಮುಚ್ಚಿಸಿದ್ನಿ" ಎಂದರು ಗಂಡ. "ನೀನ ಹೇಳಿದ್ದಿ. ಮ್ಯಾಲ ಚಲೋ ಮಾಡಿದ್ರಿ ಅಂತನೂ ಅಂದಿ."

"ನಾ ಅಂದಿದ್ದು ಕಾಲಿನ ಕುಣಿ!"

"ಆ ಕುಣಿಗೆ ಅವತ್ತ ಒಂದು ಕಲ್ಲು ಹೊರಳಿಸಿ ಬಂದೀನಲ್ಲ. ಫರಸಿ ಯಾರರೆ ಹಾಕ್ತಾರೇನು ಅದಕ್ಕ?"

ಅವರ ಮುಖದಲ್ಲಿ ಕಪಟ ಇರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಪ್ರೀತಿಯಿಂದ ಕೈಕಾಲು ಕಟ್ಟಿಹಾಕುವವನಿಗೆ ಏನೆಂದು ಬೈಯುವುದು?

ಅಷ್ಟರಲ್ಲಿ ಅತ್ತೆ ಬಂದರು. ಕೈಯಲ್ಲಿ ಬೆಳ್ಳಿಯ ಕಾಲುಂಗುರ. ಮುತ್ತೈದೆಯ ಒಂದು ಕಾಲು ಬರಿದಾಗಿರಬಾರದಂತೆ. ನನ್ನನ್ನು ಮಂಚದ ಮೇಲೆ ಕೂರಿಸಿ, ಆ ರಬ್ಬರ್ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬೆರಳುಗಳು ಒಂದಕ್ಕೊಂದು ಅಂಟಿದ್ದರಿಂದ ಉಂಗುರ ಏರಲಿಲ್ಲ. ರೇಷ್ಮೆ ಎಳೆ ತಂದು ಕಟ್ಟತೊಡಗಿದರು. ಕಟ್ಟುತ್ತ, "ಪಾಪ" ಎಂದರು.

ನನಗೆ ತಡೆಯಲಾಗಲಿಲ್ಲ. "ಕಾಲುಂಗರಕ್ಕ ಇದು ಕಾಲಾಗತೈತಿ, ಮಗ್ಗಕ್ಕ ಯಾಕ ಆಗೂದಿಲ್ಲ ಅತ್ತೀ?" ಎಂದು ಚೀರಿದೆ. ಓಣಿಗೆಲ್ಲ ಕೇಳಿರಬೇಕು. ಕೇಳಲಿ. ಹಿತ್ತಲಿಗೆ ಹೋಗಿ ಹಾರೆ ತಂದು ಫರಸಿಯ ಸಂದಿಗೆ ಹೊಡೆದೆ. ಒಂದು ಏಟಿಗೆ ಕಲ್ಲಿನ ಮೂಲೆ ಹಾರಿತು. ಇನ್ನೊಂದಕ್ಕೆ ರಬ್ಬರ್ ಪಾದ ಜಾರಿ ನಾನೇ ಉರುಳಿದೆ. ಎಬ್ಬಿಸಲು ಬಂದ ಗಂಡನ ಕೈ ಕೊಡವಿದೆ.

ಅತ್ತೆ ಬಾಗಿಲ ಬಳಿ ನಿಂತು ಕೈ ಅಡ್ಡ ಮಾಡಿದರು. "ಮುಚ್ಚಿದ ಕುಣಿ ತೆಗೀಬಾರದವಾ. ಮನಿಗೆ ಚಲೋ ಅಲ್ಲ."

"ಸತ್ತವರ ಕುಣಿ ತೆಗೀಬಾರದು. ನಾ ಸತ್ತಿಲ್ಲ ಅತ್ತೀ."

ಆಮೇಲೆ ಗಂಡ ನನ್ನ ಕೈಯಿಂದ ಹಾರೆ ತೆಗೆದುಕೊಂಡು ಮಂಚವನ್ನು ಬದಿಗೆ ಸರಿಸಿದರು. ತಾವೇ ಹಾಕಿಸಿದ ಫರಸಿಯನ್ನು ಒಂದೊಂದಾಗಿ ಎಬ್ಬಿಸಿ, ತುಂಬಿಸಿದ ಮಣ್ಣನ್ನೆಲ್ಲ ತೋಡಿ ತೆಗೆದರು. ನಾಚಿಕೆಯಿಂದಲೋ, ನನ್ನ ಬಾಯಿಗೆ ಹೆದರಿಯೋ, ನಾನು ಕೇಳಲಿಲ್ಲ.

ಅಟ್ಟದ ಮೇಲೆ ಕಟ್ಟಿಟ್ಟಿದ್ದ ಮಗ್ಗ ಕೆಳಗಿಳಿಯಿತು. ಹಾಸಿನ ಎಳೆಗಳನ್ನು ಕೂಡಿಸಿ ಕುಳಿತೆ. ಆಗ ಗೊತ್ತಾಯಿತು, ಅಣ್ಣನ ಮನೆಯ ಮಣೆ ಬೇರೆ, ಇದು ಬೇರೆ. ರಬ್ಬರ್ ಪಾದಕ್ಕೆ ಹಲಗೆ ಸಿಕ್ಕಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಪ್ರತಿ ಸಲ ಬಗ್ಗಿ ಕುಣಿಯೊಳಗೆ ನೋಡಬೇಕು. ಎರಡೂ ಹಲಗೆ ಒಟ್ಟಿಗೆ ಕೆಳಗಿಳಿದು, ಲಾಳಿ ನಡುವೆ ಸಿಕ್ಕಿಕೊಂಡು, ಎಳೆಗಳು ಹರಿದವು. ಹಳೆಯ ಸೀರೆಯ ಪಟ್ಟಿ ಹರಿದು ಪಾದವನ್ನು ಹಲಗೆಗೇ ಕಟ್ಟಿದೆ. ಈಗ ತುಳಿಯಬೇಕಾದದ್ದು ಪಾದದಿಂದಲ್ಲ, ತೊಡೆಯಿಂದ. ಮೋಟುಗಾಲು ಬೆಂಕಿಯಾಯಿತು. ಲಾರಿಯವನನ್ನು ಬೈದೆ, ಕಾಲು ಕೂಡಿಸಿದವನನ್ನು ಬೈದೆ, ಗಂಡನನ್ನು ಬೈದೆ, ಹೊಲದಲ್ಲಿ ಆರಾಮ ಮಲಗಿದ್ದ ನನ್ನ ಕಾಲನ್ನೂ ಬೈದೆ. ಬೈಯುತ್ತ ಬೈಯುತ್ತ ಕೆಲವು ದಿನಗಳಲ್ಲಿ ಒಂದು ಗೇಣು ಬಟ್ಟೆ ಇಳಿಯಿತು.

ಗಂಡ ಬಂದು ನೋಡಿ ಕಣ್ಣು ಒರೆಸಿಕೊಂಡರು. "ಇಷ್ಟ ಆದದ್ದ ಭಾಳ ಆತು" ಎಂದರು. ನೆರೆಮನೆಯಾಕೆ ಬಂದು, ಈ ಸ್ಥಿತಿಯಲ್ಲಿ ಎಷ್ಟು ಚಂದ ನೇಯ್ದಿದ್ದೀ ಎಂದಳು. ಈ ಸ್ಥಿತಿಯಲ್ಲಿ! ನನಗೆ ಲಾಳಿ ಎತ್ತಿ ಒಗೆಯಬೇಕೆನಿಸಿತು.

ಅತ್ತೆಯ ಮಾತು ಬೇರೆ. ಆ ಮಗ್ಗದ ಮೇಲೆ ನನಗಿಂತ ಮೊದಲು ನೇಯ್ದವರು ಅವರು. ಮೊದಲೆಲ್ಲ ನನ್ನ ಕೆಲಸಕ್ಕೆ ಕೊಂಕು ತೆಗೆಯದ ದಿನವೇ ಇರುತ್ತಿರಲಿಲ್ಲ. ಲಾರಿ ಗುದ್ದಿದಂದಿನಿಂದ ಒಂದು ತಪ್ಪನ್ನೂ ಎತ್ತಿ ಆಡಿರಲಿಲ್ಲ. ಅವತ್ತು ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದವರು ಬಗ್ಗಿ, ಬಟ್ಟೆಯ ದಡಿಯಂಚಿನ ಮೇಲೆ ಬೆರಳಾಡಿಸಿದರು. ಹುಬ್ಬು ಗಂಟಿಕ್ಕಿತು.

"ದಡಿ ಸಡಲ ಐತಿ. ಇದನ್ನ ಯಾರ ಉಡ್ತಾರ? ಬಿಚ್ಚು."

"ಅಷ್ಟೂ ಬಿಚ್ಚಬೇಕಾ?"

"ಅಷ್ಟೂ ಬಿಚ್ಚು. ಕಣ್ಣಿಲ್ಲೇನು ನಿನಗ?"

ಮೈಯೆಲ್ಲ ಉರಿಯಿತು. ಇಷ್ಟು ದಿನಗಳ ನೋವಿನ ಮೇಲೆ ಹೀಗೆ ಖಾರ ಅರೆಯುವುದೇ? "ಕಣ್ಣ ಅದಾವು, ಕಾಲಷ್ಟ ಇಲ್ಲ!" ಎಂದು ತಿರುಗಿ ಬಿದ್ದೆ. ಅತ್ತೆಯೇನು ಸುಮ್ಮನಿರುವವರೇ? "ನೇಯಾಕ ಕುಂತ ಮ್ಯಾಲ ಅದನ್ನೆಲ್ಲ ಹೇಳಬ್ಯಾಡ" ಎಂದು ದಬಾಯಿಸಿ ಒಳಗೆ ಹೋದರು.

ನಾನು ಬಿಚ್ಚತೊಡಗಿದೆ. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಒಬ್ಬರು ನನಗೆ ಪಾಪ ಎನ್ನದೆ ಹೋಗಿದ್ದರು.